ಸೂಜಿ ಕೊಳ್ಳುವ ಮುನ್ನ: ಕೈಕೆಲಸ, ಉಪಕರಣ ಮತ್ತು ಒಂದು ಸಣ್ಣ ಲೆಕ್ಕ



ನಮ್ಮ ಕಾಲೇಜಿನಲ್ಲಿ ಕೈಕೆಲಸ ಬಾರದವರು ಕಡಿಮೆ. ಹಬ್ಬದ ಹಿಂದಿನ ದಿನ ಇಡೀ ಬೀದಿಗೆ ಮೆಹಂದಿ ಹಾಕುವವರಿದ್ದಾರೆ. ಬಸ್ಸಿನಲ್ಲಿ ಕುಳಿತೇ ಕ್ರೋಶ ಹೆಣೆಯುವವರಿದ್ದಾರೆ. ಬಣ್ಣದ ಕಾಗದ ಸುತ್ತಿ ಕಿವಿಯೋಲೆ ಮಾಡುವವರು, ಸೀರೆಗೆ ಕುಚ್ಚು ಕಟ್ಟುವವರು, ಮರದ ಚೂರಿನಿಂದ ಕೀ ಗೊಂಚಲು ಮಾಡುವವರು ಎಲ್ಲರೂ ನಮ್ಮ ನಡುವೆಯೇ ಇದ್ದಾರೆ. ಇವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: "ಶುರು ಮಾಡೋಕೆ ಏನೇನು ತಗೋಬೇಕು?"

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಮ್ಮ ಮನೆಯಲ್ಲಿ ಅಮ್ಮಿ ಮತ್ತು ಆಪಾ ಸೀರೆಗೆ ಕುಚ್ಚು ಕಟ್ಟುತ್ತಾರೆ. ದಾರ, ಮಣಿ, ಸೂಜಿ ತರುವುದು ಮತ್ತು ಅದರ ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಭಾನುವಾರ ನಾನೂ ನಾಲ್ಕು ಕುಚ್ಚು ಕಟ್ಟುತ್ತೇನೆ. "ಹುಡುಗರಿಗೇಕೆ ಈ ಕೆಲಸ" ಎಂದು ಕೇಳುವವರಿಗೆ ಒಂದು ಮಾತು. ಜರ್ದೋಜಿ ಕಾರ್‌ಖಾನೆಗಳಲ್ಲಿ ಚೌಕಟ್ಟಿನ ಮುಂದೆ ಕುಳಿತು ಸೂಜಿ ಹಿಡಿಯುವವರಲ್ಲಿ ಗಂಡಸರೇ ಬಹಳ. ಚನ್ನಪಟ್ಟಣದ ಗೊಂಬೆ ಕೆಲಸವನ್ನು ಗಂಡಸರೂ ಹೆಂಗಸರೂ ಮಾಡುತ್ತಾರೆ. ಕೈಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಈ ಲೇಖನದಲ್ಲಿ ಉಪಕರಣ ಆರಿಸುವ ಬಗೆಯನ್ನು ಹೇಳುತ್ತೇನೆ. ಜೊತೆಗೆ ಅಂಗಡಿಯವರು ಬಿಲ್ಲಿನಲ್ಲಿ ಬರೆಯದ ಒಂದು ಖರ್ಚಿನ ಬಗ್ಗೆಯೂ ಹೇಳುತ್ತೇನೆ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

ನಮ್ಮ ಕಾಲೇಜಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಕಡೆಯಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಉಪಕರಣದ ಬಗ್ಗೆ ತಿಳಿಯಲು ಈ ನಾಲ್ಕು ತಾಲ್ಲೂಕುಗಳೇ ಸಾಕು.

ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ, 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನವಿದೆ. ಅಲ್ಲಿಯ ಶಿಲ್ಪಗಳ ಸರ, ಬಳೆ, ಗೆಜ್ಜೆ ಎಲ್ಲವೂ ಬೆರಳ ತುದಿಯಷ್ಟು ಸಣ್ಣದಾಗಿ ಕೆತ್ತಿದವು. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದೇ ಉಳಿ ಹಿಡಿದು ಕಗ್ಗಲ್ಲಿನ ಮೇಲೆ ಅಷ್ಟು ಸೂಕ್ಷ್ಮ ಕೆಲಸ ಮಾಡಲಾಗದು. ಮೊದಲ ಪಾಠ ಇದು: ಉಪಕರಣವನ್ನು ಆರಿಸುವುದು ವಸ್ತು. ಯಾವ ಬಟ್ಟೆ, ಯಾವ ಮರ, ಯಾವ ದಾರ ಎಂದು ತೀರ್ಮಾನಿಸದೆ ಸೂಜಿ ಕೊಳ್ಳಬೇಡಿ. ಕೆತ್ತನೆ ಕಲಿಯಬೇಕೆನ್ನುವವರು ಸಾಬೂನಿನ ಬಿಲ್ಲೆಯಿಂದ ಆರಂಭಿಸಬಹುದು.

ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು. ವಿಗ್ರಹ ಎರಕ ಹೊಯ್ಯುವ ಹಳೆಯ ಕ್ರಮದಲ್ಲಿ ಮೊದಲು ಮೇಣದಲ್ಲಿ ಇಡೀ ರೂಪವನ್ನು ಮಾಡುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿ ಒಣಗಿಸಿ ಕಾಯಿಸುತ್ತಾರೆ. ಮೇಣ ಕರಗಿ ಹರಿದುಹೋದ ಜಾಗಕ್ಕೆ ಕರಗಿದ ಲೋಹ ಸುರಿಯುತ್ತಾರೆ. ಮೂಗು ಸೊಟ್ಟಗಿದ್ದರೆ ಮೇಣದಲ್ಲೇ ತಿದ್ದಬೇಕು, ಲೋಹವಾದ ಮೇಲೆ ಕಷ್ಟ. ಎರಡನೆಯ ಪಾಠ: ಅಗ್ಗದ ವಸ್ತುವಿನ ಮೇಲೆ ಕಲಿಯಿರಿ. ಹಳೆಯ ದುಪಟ್ಟಾದ ಮೇಲೆ ಕೈ ಕೂತ ಮೇಲೆ ರೇಷ್ಮೆ ಮುಟ್ಟಿದರಾಯಿತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಕೈಮಗ್ಗದ ಊರು. ಅಲ್ಲಿನ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆಯನ್ನು ನಡೆಸಿಕೊಂಡು ಬಂದಿದೆ. ಮಗ್ಗವನ್ನು ಹವ್ಯಾಸಕ್ಕೆಂದು ಮನೆಗೆ ತರಲಾಗದು. ಜಾಗ ಬೇಕು, ಹಣ ಬೇಕು, ಕಲಿಸುವವರು ಬೇಕು. ಮೂರನೆಯ ಪಾಠ: ಕೆಲವು ಉಪಕರಣಗಳನ್ನು ಕೊಳ್ಳುವ ಬದಲು, ಅವು ಇರುವ ಕಡೆಗೆ ನಾವೇ ಹೋಗಬೇಕು. ಹೊಲಿಗೆ ಯಂತ್ರ, ಮರ ಕಡೆಯುವ ಯಂತ್ರ, ಮಡಕೆಯ ಚಕ್ರ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಇನ್ನು ನಮ್ಮ ಶ್ರೀರಂಗಪಟ್ಟಣ. 1784ರಲ್ಲಿ ಕಟ್ಟಿದ ದರಿಯಾ ದೌಲತ್‌ಗೆ ಶಾಲೆಯಿಂದ ಒಮ್ಮೆಯಾದರೂ ಹೋಗಿರುತ್ತೇವೆ. ಹೊರಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಒಳಗೆ ಕಂಬ, ಕಮಾನು, ಸೂರಿನವರೆಗೂ ಹೂಬಳ್ಳಿಗಳಿವೆ. ಮುಂದಿನ ಸಲ ಹೋದಾಗ ಯುದ್ಧಭೂಮಿಯ ಅಗಲವಾದ ಬಣ್ಣವನ್ನೂ ಒಂದು ಹೂವಿನ ಅಂಚಿನ ಗೆರೆಯನ್ನೂ ಪಕ್ಕಪಕ್ಕದಲ್ಲಿ ನೋಡಿ. ಒಂದೇ ಕುಂಚದಿಂದ ಎರಡನ್ನೂ ಬಿಡಿಸಲಾಗದು. ಹಾಗಾದರೆ 24 ಕುಂಚಗಳ ಸೆಟ್ ಬೇಕೇ? ಅದೂ ಬೇಡ. ದಪ್ಪದ್ದೊಂದು, ನಡುವಿನದೊಂದು, ಸಣ್ಣದೊಂದು, ಹೀಗೆ 3 ಇದ್ದರೆ ಮೊದಲ ವರ್ಷ ಕಳೆಯುತ್ತದೆ. ನಾಲ್ಕನೆಯ ಪಾಠ: ಕಡಿಮೆ ಕೊಳ್ಳಿ, ಆದರೆ ಬೇರೆ ಬೇರೆ ಕೆಲಸಕ್ಕೆ ಆಗುವಂಥದ್ದು ಕೊಳ್ಳಿ.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಚನ್ನಪಟ್ಟಣದಿಂದ ಇನ್ನೊಂದು ಮಾತು ಕಲಿಯಬಹುದು. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಅಲ್ಲಿ ಈ ಕಲೆಯನ್ನು ಬೆಳೆಸಿದರೆಂದು ಹೇಳುತ್ತಾರೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಯ ಹೊಳಪು ಕೊಡುವುದು ತಾಳೆಗರಿ. ಎಲ್ಲ ಉಪಕರಣವೂ ಅಂಗಡಿಯಲ್ಲೇ ಸಿಗಬೇಕೆಂದಿಲ್ಲ.

ಆರಿ ಎಂಬ ಸೂಜಿ

ಈಗ ಎಲ್ಲ ಕಡೆ ಕೇಳಿಬರುವುದು ಆರಿ ವರ್ಕ್. ನಮ್ಮ ಮನೆಮಾತು ಉರ್ದುವಿನಲ್ಲಿ ಬಡಗಿಯ ಗರಗಸಕ್ಕೂ ಆರಿ ಎನ್ನುತ್ತಾರೆ. ಕಸೂತಿಯ ಆರಿ ಎಂದರೆ ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಸೂಜಿ. ಇದು ಚಪ್ಪಲಿ ಹೊಲಿಯುವವರ ದಬ್ಬಳದ ನಂಟು. ಗುಜರಾತಿನ ಕಛ್‌ನಲ್ಲಿ ಚರ್ಮದ ಕೆಲಸ ಮಾಡುತ್ತಿದ್ದ ಮೋಚಿ ಜನ ಅದೇ ಸಾಧನವನ್ನು ಬಟ್ಟೆಗೆ ಒಗ್ಗಿಸಿಕೊಂಡರು. 18ನೇ ಶತಮಾನದಲ್ಲಿ ಈ ಬಗೆಯ ಹೊಲಿಗೆ ಯುರೋಪಿಗೂ ಹೋಯಿತು. ಅಲ್ಲಿ ಬಟ್ಟೆಯನ್ನು ದುಂಡನೆಯ ಚೌಕಟ್ಟಿಗೆ ಬಿಗಿದು ಮಾಡುತ್ತಿದ್ದರಿಂದ ಅದಕ್ಕೆ ಟಾಂಬೂರ್, ಅಂದರೆ ಡೋಲು, ಎಂಬ ಹೆಸರು ಬಂತು. ಇವತ್ತಿಗೂ ಆರಿ ಕಲಿಸುವವರು ಬಟ್ಟೆಯನ್ನು ಬೆರಳಿನಿಂದ ಬಡಿದು ನೋಡಿ ಎನ್ನುತ್ತಾರೆ. ಡೋಲಿನಂತೆ ಸದ್ದು ಬಂದರೆ ಬಿಗಿ ಸರಿಯಿದೆ ಎಂದರ್ಥ.

ಜರ್ದೋಜಿಯೂ ಹಾಗೆಯೇ. ಪಾರ್ಸಿಯಲ್ಲಿ ಜರ್ ಎಂದರೆ ಚಿನ್ನ, ದೋಜಿ ಎಂದರೆ ಹೊಲಿಗೆ. ನಾವು ದಿನವೂ ಬಳಸುವ ಕಾರ್ಖಾನೆ ಎಂಬ ಪದವೂ ಅಲ್ಲಿಂದಲೇ ಬಂದದ್ದು. ಕಾರ್ ಎಂದರೆ ಕೆಲಸ, ಖಾನಾ ಎಂದರೆ ಮನೆ. ಆ ಅರ್ಥದಲ್ಲಿ ನಮ್ಮ ಎಷ್ಟೋ ಮನೆಗಳ ನಡುಮನೆಯೇ ಕಾರ್ಖಾನೆ.

ಎಲ್ಲ ಕಸೂತಿಗೂ ಚೌಕಟ್ಟು ಬೇಕೇ ಬೇಕು ಎಂದೇನಿಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಹೊಲಿಗೆಗಳಿವೆ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕೆಲಸ ಅದು. ಗವಂತಿ, ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಸೂಜಿ, ದಾರ, ಒಳ್ಳೆಯ ಬೆಳಕು ಇದ್ದರೆ ಸಾಕು. ಕೈಯಲ್ಲಿ ಹಣವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇರಲಾರದು.

ಅಂಗಡಿಯಲ್ಲಿ ನಿಂತಾಗ

ಮೊದಲು ಸಂಖ್ಯೆಗಳ ವಿಚಾರ. ಕೈಹೊಲಿಗೆ ಸೂಜಿಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ. 5ಕ್ಕಿಂತ 10 ತೆಳ್ಳಗಿರುತ್ತದೆ. ಹೊಲಿಗೆ ಯಂತ್ರದ ಸೂಜಿಯಲ್ಲಿ ಇದು ತಿರುಗುಮುರುಗು: 11 ತೆಳು, 14 ಸಾಧಾರಣ, 18 ದಪ್ಪ. ಉಪ್ಪುಕಾಗದ, ಅಂದರೆ ಸ್ಯಾಂಡ್ ಪೇಪರ್, 60 ಎಂದರೆ ಒರಟು, 220 ಎಂದರೆ ನಯ. ಆಭರಣ ಮಾಡುವ ತಂತಿಯಲ್ಲಿ ಗೇಜ್ ಹೆಚ್ಚಾದರೆ ತಂತಿ ತೆಳು. ಕುಂಚದಲ್ಲಿ ಮಾತ್ರ 0 ಸಣ್ಣದು, 12 ದಪ್ಪದ್ದು. ಕ್ರೋಶ ಕಡ್ಡಿ ಕೊಳ್ಳುವಾಗ ನಂಬರ್ ಕೇಳದೆ ಎಷ್ಟು ಮಿಲಿಮೀಟರ್ ಎಂದು ಕೇಳಿ, ಗೊಂದಲವಿರುವುದಿಲ್ಲ.

ಇನ್ನು ಒಂದೊಂದಾಗಿ:

ಕ್ರೋಶ ಕಡ್ಡಿ ಮತ್ತು ಆರಿ ಸೂಜಿ: ಕೊಕ್ಕೆಯನ್ನು ನಿಮ್ಮ ದುಪಟ್ಟಾದ ಅಥವಾ ಕರವಸ್ತ್ರದ ಮೇಲೆ ಮೆಲ್ಲಗೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಕೊಕ್ಕೆಯಲ್ಲಿ ಮುಳ್ಳಿದೆ ಎಂದರ್ಥ. ಅಂಥದ್ದು ರೇಷ್ಮೆ ದಾರವನ್ನು ಸೀಳುತ್ತದೆ, ಬೇಡ.

ಕತ್ತರಿ: ಹತ್ತಿಬಟ್ಟೆಯ ಚೂರನ್ನು ಮಡಚಿ, ಬುಡದಿಂದ ತುದಿಯವರೆಗೂ ಕತ್ತರಿಸಿ ನೋಡಿ. ತುದಿಯಲ್ಲಿ ಬಟ್ಟೆಯನ್ನು ಅಗಿದರೆ ಬಿಡಿ. ಮನೆಗೆ ತಂದ ಮೇಲೆ ಬಟ್ಟೆಯ ಕತ್ತರಿಗೆ ಕಾಗದ ಕೊಡಬೇಡಿ, ಹರಿತ ಬೇಗ ಹೋಗುತ್ತದೆ. ಎಡಗೈಯವರು ಎಡಗೈ ಕತ್ತರಿಯನ್ನೇ ಕೇಳಿ ಪಡೆಯಿರಿ. ಸಾಮಾನ್ಯ ಕತ್ತರಿಯಲ್ಲಿ ಅವರಿಗೆ ಕತ್ತರಿಸುವ ಗೆರೆಯೇ ಕಾಣುವುದಿಲ್ಲ.

ಮರದ ರಿಂಗ್: ಒಳಗಿನ ಬಳೆಗೆ ಹತ್ತಿಬಟ್ಟೆಯ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ. ಕೆಲಸ ನಿಲ್ಲಿಸಿದಾಗ ರಿಂಗ್ ಬಿಚ್ಚಿಡಿ, ಇಲ್ಲವಾದರೆ ಬಟ್ಟೆಯಲ್ಲಿ ಗುರುತು ಉಳಿಯುತ್ತದೆ.

ದಾರ: ಕಸೂತಿ ದಾರದ ಲಡಿಯಲ್ಲಿ 6 ಎಳೆಗಳಿರುತ್ತವೆ. ಬೇಕಾದಷ್ಟೇ ಬಿಡಿಸಿಕೊಂಡು ಬಳಸಿ. ಹೊಸ ಬಣ್ಣದ ದಾರ ತಂದಾಗ, ಒದ್ದೆ ಮಾಡಿದ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇರೆಯವರ ಮದುವೆ ಸೀರೆಗೆ ಸಲ್ಲದು. ನಮ್ಮ ಮನೆಯಲ್ಲಿ ಇದು ತಪ್ಪದೆ ನಡೆಯುವ ಪರೀಕ್ಷೆ. ಸೀರೆಯ ಬೆಲೆ ನಮ್ಮ ಕೂಲಿಯ ಮೂವತ್ತು ಪಟ್ಟಾದರೂ ಇರುತ್ತದಲ್ಲ!

ಸೂಜಿ ಪೆಟ್ಟಿಗೆ: ಅಮ್ಮಿಯ ನಿಯಮ ಒಂದೇ: "ಎಣಿಸಿ ತೆಗಿ, ಎಣಿಸಿ ಇಡು." ನೆಲದ ಮೇಲೆ ಕೂರುವ, ನಮಾಜ್ ಮಾಡುವ, ಮಕ್ಕಳು ಅಂಬೆಗಾಲಿಡುವ ಮನೆಯಲ್ಲಿ ಒಂದು ಸೂಜಿ ಕಳೆದರೂ ಅದು ಸಿಗುವವರೆಗೆ ಕೆಲಸ ನಿಲ್ಲಬೇಕು. ಪೆಟ್ಟಿಗೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡರೆ ಹುಡುಕುವುದು ಸುಲಭ.

ಬೆಳಕು: ಇದನ್ನು ಉಪಕರಣವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಬಲಗೈಯವರಿಗೆ ಎಡಗಡೆಯಿಂದ ಬೆಳಕು ಬರಬೇಕು, ಆಗ ಕೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಎಳೆಗಳು ಎದ್ದು ಕಾಣುತ್ತವೆ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ. ಹೊಸ ಸೂಜಿ ಯಾವಾಗಲಾದರೂ ಸಿಗುತ್ತದೆ, ಹೊಸ ಕಣ್ಣು ಸಿಗುವುದಿಲ್ಲ.

ಬಿಲ್ಲಿನಲ್ಲಿ ಇಲ್ಲದ ಖರ್ಚು

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಮನೆಯ ಪುಸ್ತಕದಲ್ಲಿರುವ ಒಂದು ಸೀರೆಯ ಲೆಕ್ಕ. ನಿಮ್ಮ ಊರಿನ ದರ ಬೇರೆ ಇರಬಹುದು.

ಕುಚ್ಚಿಗೆ ಕೇಳುವ ಹಣ 350 ರೂಪಾಯಿ. ರೇಷ್ಮೆ ದಾರ 60, ಮಣಿ 50, ಬಸ್ಸಿಗೆ ಇತ್ಯಾದಿ 20, ಒಟ್ಟು ಖರ್ಚು 130. ಉಳಿಯುವುದು 220. ಆಪಾ ಈ ಸೀರೆಗೆ ಕೂರುವುದು 6 ಗಂಟೆ. ಅಂದರೆ ಗಂಟೆಗೆ 36 ರೂಪಾಯಿ ಚಿಲ್ಲರೆ.

ಕಳೆದ ಮದುವೆ ಕಾಲದಲ್ಲಿ ಪರಿಚಯದ ಅಕ್ಕನೊಬ್ಬರು ಸೀರೆ ತೆಗೆದುಕೊಳ್ಳಲು ಬಂದವರು ಕೇಳಿದರು: "ಏನಮ್ಮಾ, ಅರವತ್ತು ರೂಪಾಯಿ ದಾರಕ್ಕೆ ಮುನ್ನೂರೈವತ್ತಾ? ಒಸಿ ಕಮ್ಮಿ ಮಾಡ್ಕೊ." ಆಪಾ 320ಕ್ಕೆ ಒಪ್ಪಿದಳು. ಆ ಅಕ್ಕ ಕೆಟ್ಟವರಲ್ಲ, ಈದ್‌ಗೆ ನಮ್ಮ ಮನೆಯ ಶೀರ್ ಕುರ್ಮಾ ತಿನ್ನುವವರು, ಯುಗಾದಿಗೆ ಒಬ್ಬಟ್ಟು ಕಳಿಸುವವರು. ಆದರೆ ಲೆಕ್ಕ ನೋಡಿ. ಅವರು ಇಳಿಸಿದ್ದು 30 ರೂಪಾಯಿ, ಅಂದರೆ ಬೆಲೆಯಲ್ಲಿ ಶೇಕಡಾ 9ಕ್ಕೂ ಕಡಿಮೆ. ದಾರದ ಅಂಗಡಿಯವರು ತಮ್ಮ ಬೆಲೆಯಲ್ಲಿ ಒಂದು ರೂಪಾಯಿಯೂ ಬಿಟ್ಟಿಲ್ಲ, ಬಸ್ಸಿನವರೂ ಬಿಟ್ಟಿಲ್ಲ. ಆದ್ದರಿಂದ ಆ 30 ರೂಪಾಯಿ ಪೂರ್ತಿಯಾಗಿ ಆಪಾಳ ಕೈಯಿಂದಲೇ ಹೋಯಿತು. 220 ಇದ್ದದ್ದು 190 ಆಯಿತು. ಕೂಲಿಯಲ್ಲಿ ಶೇಕಡಾ 13ಕ್ಕಿಂತ ಹೆಚ್ಚು ಕಡಿತ. ಚೌಕಾಸಿಯಲ್ಲಿ ಇಳಿಯುವುದು ಯಾವಾಗಲೂ ಕೈಯ ಬೆಲೆಯೇ.

ಅಂದಿನಿಂದ ನಾವು ಪ್ರತಿ ಸೀರೆಯ ಜೊತೆ ಒಂದು ಚೀಟಿ ಇಡುತ್ತೇವೆ. ಅದರಲ್ಲಿ ಮೂರೇ ಸಾಲು: ಸಾಮಾನು ಇಷ್ಟು, ಗಂಟೆ ಇಷ್ಟು, ಒಟ್ಟು ಇಷ್ಟು. ಎಲ್ಲರೂ ಚೌಕಾಸಿ ಬಿಟ್ಟಿದ್ದಾರೆಂದು ಹೇಳುವುದಿಲ್ಲ. ಆದರೆ "ಆರು ಗಂಟೆ ಹಿಡೀತದಾ!" ಎಂದು ಬಾಯಿಬಿಟ್ಟು ಹೇಳಿದವರು ಹಲವರು.

ಉಪಕರಣ ಕೊಳ್ಳುವಾಗಲೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬೆಲೆಯನ್ನು ರೂಪಾಯಿಯಲ್ಲಿ ನೋಡದೆ ಗಂಟೆಯಲ್ಲಿ ನೋಡಿ. ಸಾದಾ ಕ್ರೋಶ ಕಡ್ಡಿ 30 ರೂಪಾಯಿ, ಮೆತ್ತನೆಯ ಹಿಡಿ ಇರುವುದು 150. ಹೆಚ್ಚುವರಿ 120. ಹಿಡಿ ಇರುವ ಕಡ್ಡಿಯಿಂದ ಬೆರಳು ನೋಯದೆ ಸೀರೆಗೆ ಅರ್ಧ ಗಂಟೆ ಉಳಿಯುತ್ತದೆ ಎಂದು ಆಪಾ ಹೇಳುತ್ತಾಳೆ. ಅರ್ಧ ಗಂಟೆಗೆ 18 ರೂಪಾಯಿ ಎಂದರೆ 7 ಸೀರೆಗೆ ಆ ಹಣ ವಾಪಸ್. ಹಾಗಾಗಿ ಕೊಂಡೆವು.

ಆದರೆ ಸ್ಟ್ಯಾಂಡ್, ದೊಡ್ಡ ಚೌಕಟ್ಟು, ಹತ್ತಾರು ಬಗೆಯ ಮಣಿ ಎಲ್ಲ ಸೇರಿದ ಆರಿ ಕಿಟ್ಟಿಗೆ 2,400 ರೂಪಾಯಿ ಹೇಳಿದರು. ಅದನ್ನು 220ರಿಂದ ಭಾಗಿಸಿದರೆ ಸುಮಾರು 11 ಸೀರೆ. ತಲಾ 6 ಗಂಟೆಯಂತೆ 66 ಗಂಟೆ. ಇನ್ನೂ ಕಲಿಯದ ಕೆಲಸಕ್ಕೆ ಆಪಾಳ ಕೈಯ 66 ಗಂಟೆ ಕೊಡಬೇಕೇ? ಅವಳೇ ಬೇಡವೆಂದಳು. ಒಂದು ಆರಿ ಸೂಜಿ, ಒಂದು ಮರದ ರಿಂಗ್, ಒಂದು ಮೀಟರ್ ಹತ್ತಿಬಟ್ಟೆ ತಂದು ಸರಪಳಿ ಹೊಲಿಗೆ ಅಭ್ಯಾಸ ಮಾಡುತ್ತಿದ್ದಾಳೆ. ಮೂರು ತಿಂಗಳಾದ ಮೇಲೂ ಆಸೆ ಉಳಿದಿದ್ದರೆ ಸ್ಟ್ಯಾಂಡ್ ತರುವುದೆಂದು ಮಾತಾಗಿದೆ.

ಹವ್ಯಾಸ ಎಂದರೆ ಎಲ್ಲವನ್ನೂ ಹಣದಿಂದ ಅಳೆಯಬೇಕೆಂದಲ್ಲ. ಸುಮ್ಮನೆ ಸಂತೋಷಕ್ಕೆ ಮಾಡುವ ಕೆಲಸವೂ ಇರಬೇಕು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆಗೆ ಟೈಂಪಾಸ್ ಎಂದು ಹೆಸರಿಟ್ಟು, ಅದರಿಂದಲೇ ಕರೆಂಟ್ ಬಿಲ್ಲು, ಬಸ್ ಪಾಸು ಕಟ್ಟುತ್ತೇವೆ. ಸಂತೋಷಕ್ಕೆ ಮಾಡಿದ್ದು ಸಂತೋಷವೆಂದೂ, ದುಡಿಮೆಯನ್ನು ದುಡಿಮೆಯೆಂದೂ ಬೇರೆಬೇರೆ ಬರೆದಿಡಬೇಕು ಎಂಬುದು ನನ್ನ ಮಾತು.

ಸರ್ಕಾರದ ನೆರವು

18 ವರ್ಷ ತುಂಬಿದವರು ಗಮನಿಸಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕುಂಬಾರ, ದರ್ಜಿ, ಗೊಂಬೆ ಮಾಡುವವರು, ಬುಟ್ಟಿ ಹೆಣೆಯುವವರು, ಹೂ ಕಟ್ಟುವವರು ಅದರಲ್ಲಿ ಸೇರಿದ್ದಾರೆ. ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವು, ತರಬೇತಿ ಮತ್ತು ಸಾಲ ಸಿಗುತ್ತದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಕಸೂತಿ ಆ ಪಟ್ಟಿಯಲ್ಲಿ ಪ್ರತ್ಯೇಕ ಕಸುಬಾಗಿಲ್ಲ. ಕಸೂತಿ, ಜರಿ ಕೆಲಸದವರು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಗುರುತಿನ ಚೀಟಿಯ ಬಗ್ಗೆ ವಿಚಾರಿಸಬಹುದು. ನಿಮ್ಮ ಮನೆಯಲ್ಲಿ ವರ್ಷಗಟ್ಟಲೆ ಕೈಕೆಲಸ ಮಾಡುತ್ತಿರುವ ಅಮ್ಮಿ, ಖಾಲಾ, ದಾದಿ ಯಾರಾದರೂ ಇದ್ದರೆ ಅವರಿಗೆ ಈ ವಿಷಯ ತಿಳಿಸಿ. ಅರ್ಜಿ ತುಂಬಲು ನಾವೇ ಜೊತೆಗೆ ಹೋಗೋಣ.

ಒಂದು ಕೋರಿಕೆ

ಕೊನೆಯದಾಗಿ ಅಧ್ಯಾಪಕರಲ್ಲಿ ಒಂದು ಮನವಿ. ಕ್ರೋಶ ಕಡ್ಡಿಗಳು, ಒಂದೆರಡು ರಿಂಗ್, ಒಳ್ಳೆಯ ಕತ್ತರಿ, ಆರಿ ಸೂಜಿ, ಮೂರು ಕುಂಚ ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಗ್ರಂಥಾಲಯದ ಪುಸ್ತಕದಂತೆ ವಾರಕ್ಕೊಬ್ಬರಿಗೆ ಕೊಡುವಂತಾದರೆ, ಕೊಳ್ಳುವ ಮೊದಲೇ ಪ್ರತಿಯೊಬ್ಬರೂ ಕೈಯಲ್ಲಿ ಹಿಡಿದು ನೋಡಬಹುದು. ಬಳಸದೆ ಮೂಲೆ ಸೇರಿದ ಉಪಕರಣಗಳು ಯಾರ ಮನೆಯಲ್ಲಾದರೂ ಇದ್ದರೆ ಅವನ್ನೇ ತಂದು ಆ ಪೆಟ್ಟಿಗೆ ಆರಂಭಿಸೋಣ. ನಮ್ಮ ಮನೆಯ 30 ರೂಪಾಯಿಯ ಹಳೆಯ ಕಡ್ಡಿಯನ್ನು ಮೊದಲು ನಾನೇ ತರುತ್ತೇನೆ. ಯಾರಿಗೆ ಕೊಟ್ಟೆವು, ಯಾವಾಗ ವಾಪಸ್ ಬಂತು ಎಂಬ ಲೆಕ್ಕ ಬರೆಯುವ ಜವಾಬ್ದಾರಿಯೂ ನನ್ನದೇ ಇರಲಿ. ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ